ಸೊಂಟನೋವಿನ ತರಬೇತಿ

ಜನರ ಕಷ್ಟ ಅರಿಯಲೆಂದು ಸರ್ಕಾರ ಕೊಟ್ಟ ಹೊಸ ತರಬೇತಿ ಆದಮೇಲೆ, ದೂರು ತಂದವರ ನೋವು ಪಂಚಾಯ್ತಿ ಸಿಬ್ಬಂದಿಯ ಮೈಗೂ ಬರುತ್ತಿತ್ತು. ಕೆಲಸ ಮಾಡಿಕೊಡುವ ತನಕ ಆ ನೋವು ಬಿಡುತ್ತಿರಲಿಲ್ಲ. ಹಾಗಾಗಿ ಓಣಿಯ ನಳ ಕೆಟ್ಟಾಗ ಫಕೀರವ್ವ ಧೈರ್ಯದಿಂದಲೇ ಕಚೇರಿಗೆ ಬಂದಳು. ದೂರದ ಬಾವಿಯಿಂದ ನೀರು ಹೊತ್ತು ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು.

ಅವಳು ಬಾಯಿ ಬಿಡುವ ಮೊದಲೇ ಅಧಿಕಾರಿ ಹಳೇಮನಿಯವರು ಸೊಂಟ ಹಿಡಿದು ಕುರ್ಚಿಗೆ ಒರಗಿದರು.

"ಯವ್ವಾ, ಇದನ್ನ ಹೆಂಗ ತಡಕೊಂಡೀಬೇ?"

"ನಳ ರಿಪೇರಿ ಮಾಡಸ್ರಿ ಸಾಹೇಬ್ರ, ಇಬ್ಬರಿಗೂ ಆರಾಮ ಆಕ್ಕೈತಿ."

"ಮಾಡಸಾಕ ನಾ ಮೊದಲು ಏಳಬೇಕಲ್ಲಬೇ! ಮುಲಾಮು ಐತೇನು?"

ಪಾಪ ಅನ್ನಿಸಿ, ತನಗೆಂದು ತಂದಿದ್ದ ಮುಲಾಮನ್ನು ಅವರಿಗೇ ಕೊಟ್ಟು, ಫಕೀರವ್ವ ಬಾಗಿಲ ಬಳಿ ಇಟ್ಟಿದ್ದ ಕೊಡ ಎತ್ತಿಕೊಂಡು ಬಾವಿಯ ದಾರಿ ಹಿಡಿದಳು. ಹಿಂದಿನಿಂದ ಸಾಹೇಬರು ಕುರ್ಚಿಯಲ್ಲಿ ಕೂತೇ ಕಿಟಕಿಯಿಂದ ಕೂಗಿದರು:

"ಯವ್ವಾ, ಕೊಡ ಪೂರ್ತಿ ತುಂಬಬ್ಯಾಡ, ನನ್ನ ಸೊಂಟ ತಡಿಯಂಗಿಲ್ಲ!"