ಮುಂದಿನ ಎಡ ಚಕ್ರ

“ಇನ್ನೊಂದ್ ಸಲ ಅಲ್ಲಾಡ್ಸು,” ಎಂದ ದಿವಾಕರ.

ಜಾಕಿಯ ಮೇಲಿದ್ದ ಪಿಕಪ್‌ನ ಮುಂದಿನ ಎಡ ಚಕ್ರವನ್ನು ಶಾಂತಾರಾಮ ಮೇಲೂ ಕೆಳಗೂ ಹಿಡಿದು ಜಗ್ಗಿದ. ಟಕ್. ಅಡಿಗೆ ರಾಡು ಕೊಟ್ಟು ಮೀಟಿದ. ಮತ್ತೆ ಟಕ್. ಭಟ್ಕಳದಲ್ಲಿ ಮೀನು ತುಂಬಿಕೊಂಡು ಬರುವಾಗ ಹೊಂಡ ಸಿಕ್ಕಲ್ಲೆಲ್ಲ ದಿವಾಕರನಿಗೆ ಕೇಳಿದ್ದು ಇದೇ ಸದ್ದು. ಶರಾವತಿ ಸೇತುವೆಯ ಮೇಲೆ ಸ್ಟೇರಿಂಗೇ ಕೈಯಲ್ಲಿ ಎಳೆದಾಡಿತ್ತು. ಹೊನ್ನಾವರ ಸಿಕ್ಕಿದ್ದೇ, ತಾನು ಯಾವಾಗಲೂ ಗಾಡಿ ತೋರಿಸುವ ಶಾಂತಾರಾಮನ ಗ್ಯಾರೇಜಿಗೆ ತಿರುಗಿಸಿದ್ದ.

“ಶಾಕ್ ಅಬ್ಸರ್ವರ್ ಹೋಯ್ತಾ?”

“ಅಲ್ಲ.” ಶಾಂತಾರಾಮ ಟಾರ್ಚ್ ಹಿಡಿದು ಗಾಡಿಯಡಿ ತೂರಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ಬಿಳಿಚಿತ್ತು. “ಚಕ್ರ ಹಿಡಿದಿಡೂ ಬಾಲ್ ಜಾಯಿಂಟಿನ ನಟ್ಟು ಸಡಿಲ ಆಗಿದೆ. ಅದು ತಿರುಗದ ಹಾಗೆ ಒಂದು ಪಿನ್ ಇರ್ತದೆ. ಅದಿಲ್ಲ.”

“ಬಿದ್ದೋಯ್ತಾ?”

“ತಾನಾಗಿ ಬೀಳೂದಲ್ಲ ಅದು, ದಿವಾಕರಣ್ಣ.”

“ನಟ್ಟು ಪೂರ್ತಿ ಕಳಚಿದ್ರೆ?”

“ಚಕ್ರ ಮಗುಚ್ತದೆ. ಗಾಡಿ ಇದ್ದಲ್ಲೇ ಪಲ್ಟಿ.”

ಬೆಳಿಗ್ಗೆ ದಿವಾಕರ ಮಗಳು ದೀಕ್ಷಾಳನ್ನು ಇದೇ ಗಾಡಿಯಲ್ಲಿ ಕುಮಟೆಯ ಶಾಲೆಗೆ ಬಿಟ್ಟಿದ್ದ. ಹೆಂಡತಿಗೆ ಫೋನ್ ಮಾಡಿದ. “ನಮ್ಮ ಗಾಡಿ ಯಾರಾದ್ರೂ ಮುಟ್ಟಿದ್ರಾ?”

ಧನ್ಯಶ್ರೀ ತಡವರಿಸಿದಳು. “ನಿನ್ನೆ ಸಂಜೆ ಅನೂಪ ಗಾಡಿ ಅಡಿಗೆ ಮಲಗಿದ್ದ. ಎಂತ ಮಾಡ್ತೆ ಅಂತ ಕೇಳಿದ್ರೆ, ಎಂತದೂ ಇಲ್ಲ, ಅಣ್ಣಂಗೆ ಹೇಳ್ಬೇಡಿ ಅತ್ತಿಗೆ ಅಂದ.”

ಅನೂಪ ದಿವಾಕರನ ಒಡಹುಟ್ಟಿದ ತಮ್ಮ. ಕೇಳದೆ ಗಾಡಿ ಒಯ್ದನೆಂದು ಎರಡು ತಿಂಗಳ ಹಿಂದೆ ಬಾಡದ ಕಡಲ ದಂಡೆಯಲ್ಲಿ, ಹತ್ತು ಜನರೆದುರು, ದಿವಾಕರ ಅವನ ಕೆನ್ನೆಗೆ ಬಾರಿಸಿದ್ದ. “ಆ ಗಾಡಿಯೇ ನಿನ್ನ ತಿಂತದೆ ನೋಡು!” ಎಂದು ಅನೂಪ ಕೂಗಿದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಅಂದಿನಿಂದ ಮಾತಿಲ್ಲ.

ದಿವಾಕರ ರಾಡು ಎತ್ತಿಕೊಂಡು ಶಾಂತಾರಾಮನ ಬೈಕು ಹತ್ತಿದ. ಶಾಂತಾರಾಮ ಎರಡು ಹೆಜ್ಜೆ ಅವನ ಹಿಂದೆ ಬಂದ. ಮತ್ತೆ ಅಲ್ಲೇ ನಿಂತ.

ಬಾಡದ ದಂಡೆಯಲ್ಲಿ ಅನೂಪ ದೋಣಿಯ ನೆರಳಲ್ಲಿ ಬಲೆ ಸರಿಮಾಡುತ್ತ ಕೂತಿದ್ದ. ಮೊದಲ ಪೆಟ್ಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಅಡ್ಡ ಹಿಡಿದ ಕೈ ಮುರಿಯಿತು; ಮೂಳೆಯ ಸದ್ದು ದಿವಾಕರನಿಗೂ ಕೇಳಿತು.

“ನನ್ನ ಕೊಲ್ಲೂಕೆ ನೋಡ್ತ್ಯಾ? ನನ್ನ ಮಗಳ್ನೂ ಸೇರ್ಸಿ?”

“ಅಣ್ಣಾ, ಆ ನಟ್ಟು ನಾನೇ...”

ಅಷ್ಟು ಸಾಕಾಯಿತು. ಮೂರನೆಯ ಪೆಟ್ಟು ದವಡೆಗೆ. ಹಲ್ಲು, ರಕ್ತ, ಮರಳು ಒಂದಾದವು. ಬಿದ್ದವನ ಪಕ್ಕೆಗೆ ದಿವಾಕರ ಒದ್ದ, ಉಸಿರು ಸೋತಾಗ ನಿಂತ, ಮತ್ತೆ ಒದ್ದ. ಮೀನು ಒಣಗಿಸುತ್ತಿದ್ದ ದುರ್ಗಮ್ಮ ಬೊಬ್ಬೆ ಹಾಕಿದಳು. ನಾಲ್ವರು ಓಡಿಬಂದು ದಿವಾಕರನನ್ನು ನೆಲಕ್ಕೆ ಕೆಡವಿ ಹಿಡಿಯುವಷ್ಟರಲ್ಲಿ ಅನೂಪನಿಗೆ ಪ್ರಜ್ಞೆ ಇರಲಿಲ್ಲ.

ಸಂಜೆ ಕುಮಟೆಯ ಆಸ್ಪತ್ರೆಗೆ ಶಾಂತಾರಾಮ ಬಂದ. ದಿವಾಕರ ಹೊರಗಿನ ಬೆಂಚಿನಲ್ಲಿ ಇಬ್ಬರು ಪೊಲೀಸರ ನಡುವೆ ಕೂತಿದ್ದ. ಅಂಗಿಯ ತುಂಬ ತಮ್ಮನ ರಕ್ತ.

“ಜೀವ ಹೋಗ್ಲಿಲ್ಲ ಅವಂದು,” ಎಂದ ದಿವಾಕರ. “ಅದೊಂದೇ ಬೇಜಾರು.”

ಶಾಂತಾರಾಮ ಅವನ ಕಾಲ ಬಳಿ ಕುಸಿದ. “ಪಿನ್ ಯಾರೂ ತೆಗೀಲಿಲ್ಲ. ಹೋದ ಸೋಮವಾರ ಹೊಸ ಜಾಯಿಂಟ್ ಕೂರ್ಸುವಾಗ ಹಾಕೂಕೆ ನಾನೇ ಮರ್ತೆ. ಹೇಳೂಕೆ ಧೈರ್ಯ ಬರ್ಲಿಲ್ಲ.”

“ಹಾಗಾದ್ರೆ ಅನೂಪ ಗಾಡಿ ಅಡಿಗೆ ಎಂತ ಮಾಡ್ತಿದ್ದ?” ಎಂದ ದಿವಾಕರ.

“ಪಿನ್ನಿನ ತೂತಿಗೆ ಯಾರೋ ದೋಣಿಗೆ ಕಟ್ಟೂ ತಂತಿ ಹಾಕಿ, ನಟ್ಟು ಬೀಳದ ಹಾಗೆ ಬಿಗಿದಿದ್ರು, ದಿವಾಕರಣ್ಣ. ಅದಿಲ್ದಿದ್ರೆ ಬೆಳಿಗ್ಗೆ ದೀಕ್ಷಾ ಶಾಲೆ ಮುಟ್ತಿರ್ಲಿಲ್ಲ.”