ಬೀರುವಿನಲ್ಲಿದ್ದ ಕಲ್ಲು

ಖನಿಜ ಸಂಗ್ರಾಹಕರ ಸಂಘದ ಕಾರ್ಯದರ್ಶಿ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ಭೂವಿಜ್ಞಾನದ ವಿದ್ಯಾರ್ಥಿಯೊಬ್ಬರಿಗೆ ಪ್ರತಿವರ್ಷ ವಿದ್ಯಾರ್ಥಿವೇತನ ಕೊಡುವುದೆಂದಾಯಿತು. ಮೊದಲ ವರ್ಷದ ಸಂದರ್ಶನದಲ್ಲಿ ಅಭ್ಯರ್ಥಿಗಳಿಗೆ ತೋರಿಸಿ ಗುರುತಿಸಲು ಹೇಳಲೆಂದು ಅವರ ಪತ್ನಿ ವಿಶಾಲಾಕ್ಷಮ್ಮ ಮನೆಯ ಬೀರುವಿನಲ್ಲಿದ್ದ ಕಲ್ಲುಗಳನ್ನೆಲ್ಲ ಚೀಲದಲ್ಲಿ ಹೊತ್ತು ತಂದಿದ್ದರು.

ಸಂಜೆಯ ಹೊತ್ತಿಗೆ ಎಲ್ಲರಿಗೂ ಸಾಕಾಗಿತ್ತು. ಆರಿದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ನೆಲ್ಲಿಕಾಯಿ ಗಾತ್ರದ ಒಂದು ಕಂದು ಕಲ್ಲನ್ನು ಮಾತ್ರ ಯಾರೂ ಗುರುತಿಸಿರಲಿಲ್ಲ. ಸಂಘದ ಅಧ್ಯಕ್ಷರು ಅದನ್ನು ಕೊನೆಯ ಅಭ್ಯರ್ಥಿಯಾಗಿ ಬಂದ ಹುಡುಗಿಯ ಕೈಗಿಟ್ಟರು.

"ಸಾರ್, ಅದು..." ಎಂದರು ವಿಶಾಲಾಕ್ಷಮ್ಮ.

"ಸುಳಿವು ಕೊಡಬಾರದಮ್ಮ, ನೀವು ಸುಮ್ನಿರಿ," ಎಂದರು ಅಧ್ಯಕ್ಷರು.

ಹುಡುಗಿ ಮಸೂರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಗೊತ್ತಾಗ್ತಿಲ್ಲ ಸರ್."

"ಹೀಗಾದ್ರೆ ಸ್ಕಾಲರ್‌ಶಿಪ್ ಹೇಗಮ್ಮ ಕೊಡೋದು? ನಾಲಿಗೆಗೆ ಹಚ್ಚಿ ನೋಡು. ಕಲ್ಲು ನೆಕ್ಕೋಕೆ ಹೇಸೋರು ಈ ಸಬ್ಜೆಕ್ಟಿಗೆ ಬರಬಾರದು."

ಅವಳು ಹಿಂಜರಿದಳು. ಅಧ್ಯಕ್ಷರು ನಿಟ್ಟುಸಿರು ಬಿಟ್ಟು ಕಲ್ಲನ್ನು ಕಸಿದುಕೊಂಡರು. ತಾವೇ ಎರಡು ಸಲ ನೆಕ್ಕಿ, ಕಣ್ಣು ಮುಚ್ಚಿ ಚಪ್ಪರಿಸಿದರು.

"ಸ್ವಲ್ಪ ಒಗರು. ಜಿಪ್ಸಮ್ ಜಾತೀದೇ ಇರಬೇಕು."

"ಎಲ್ಲಿ ಸಿಕ್ಕಿದ್ದು ಅಂತ ಮೊದಲು ಕೇಳಬೇಕಲ್ವಾ ಸರ್?" ಎಂದಳು ಹುಡುಗಿ ಮೆಲ್ಲಗೆ.

ಅಧ್ಯಕ್ಷರು ಬೇಸರದಿಂದಲೇ ವಿಶಾಲಾಕ್ಷಮ್ಮನ ಕಡೆ ತಿರುಗಿದರು. "ಈಗ ಹೇಳಿ. ಯಾವ ಗಣಿಯಿಂದ ತಂದಿದ್ರು?"

ವಿಶಾಲಾಕ್ಷಮ್ಮ ಬರಿದಾದ ಚೀಲವನ್ನು ಮಡಿಸುತ್ತ ದಣಿದ ದನಿಯಲ್ಲಿ ಹೇಳಿದರು:

"ಗಣಿಯಿಂದಲ್ಲ ಸಾರ್. ಆಪರೇಷನ್ ಮಾಡಿದ ಡಾಕ್ಟರು ಡಬ್ಬೀಲಿ ಹಾಕಿ ಕೊಟ್ಟಿದ್ದು. ನಮ್ಮ ಯಜಮಾನ್ರ ಮೂತ್ರಕೋಶದಲ್ಲಿತ್ತು."