ಕೀಳಬೇಡಿ, ಕ್ಲೀನ್ ಮಾಡಿ

"ಯಾವ್ಯಾವ್ದು ಕೀಳ್ಬೇಕು?" ಡಾಕ್ಟರ್ ಸಾಲಿಡೋ ತಲೆ ಎತ್ತದೆಯೇ ಕೇಳಿದಳು.

"ಒಂದೂ ಬೇಡ. ಕ್ಲೀನ್ ಮಾಡಿ," ಎಂದಳು ಕುರ್ಚಿಯಲ್ಲಿ ಕೂತಿದ್ದ ಲೂಸಿಂಗ್.

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಾಲುಗಟ್ಟಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪನಾಯ್ ದ್ವೀಪದ ಆ ಒಣಮೀನಿನ ಊರಿಗೆ ಹಲ್ಲಿನ ಡಾಕ್ಟರು ಬರುವುದೇ ಚುನಾವಣೆ ಹತ್ತಿರವಾದಾಗ, ಊರಿನ ಚುನಾಯಿತ ಮುಖ್ಯಸ್ಥನಾದ ಕ್ಯಾಪ್ಟನ್ ಕರೆಸಿದರೆ. ಬಂದವರು ಮಾಡುವುದು ಒಂದೇ ಕೆಲಸ, ಕೀಳುವುದು. ಕೀಳಿಸಿಕೊಂಡವರಿಗೆ ಆಮೇಲೆ ಪುಕ್ಕಟೆ ಹಲ್ಲುಸೆಟ್ಟು. ಮೂವತ್ತು ದಾಟಿದ ಮೇಲೂ ಸ್ವಂತ ಹಲ್ಲಿನಲ್ಲಿ ಮಾವಿನಕಾಯಿ ಕಚ್ಚುವವರನ್ನು ಇಲ್ಲಿ ಜನ ತುಸು ಅನುಮಾನದಿಂದಲೇ ನೋಡುತ್ತಾರೆ.

ಜೊತೆಗೆ ಬಂದಿದ್ದ ಅಕ್ಕ ಪೆಟ್ರಾಳಿಗೆ ತಲೆ ತಗ್ಗಿಸುವಂತಾಯಿತು. "ಹುಚ್ಚು ಹಿಡೀತೇನೇ ನಿಂಗೆ? ಮುಂದಿನವೆಲ್ಲ ಅಲ್ಲಾಡ್ತಿವೆ, ಬೆಳಗಾದ್ರೆ ದಿಂಬೆಲ್ಲ ರಕ್ತ. ನಮ್ಮ ವಂಶದ ಹಲ್ಲೇ ಹೀಗೆ. ಅಮ್ಮಂದು ಹೋಯ್ತು, ನಂದು ಮದುವೆಗೆ ಮುಂಚೇನೇ ಹೋಯ್ತು. ನಿಂದೇನು ಚಿನ್ನದ್ದಾ?"

"ಚಿನ್ನದ್ದಲ್ಲ, ನಂದು. ಕೀಳಿಸ್ಕೊಳ್ಳಲ್ಲ ಅಂದ್ರೆ ಕೀಳಿಸ್ಕೊಳ್ಳಲ್ಲ."

ಡಾಕ್ಟರ್ ಈಗ ತಲೆ ಎತ್ತಿದಳು. ಪುಟ್ಟ ಕನ್ನಡಿ ಹಿಡಿದು ಬಾಯೊಳಗೆ ಇಣುಕಿದಳು. "ಉಜ್ಜೋದು ಯಾವಾಗ ಬಿಟ್ಟೆ?"

"ರಕ್ತ ಬಂದಾಗಿಂದ. ಸೀಬೆ ಎಲೆ ಕಷಾಯದಲ್ಲಿ ಮುಕ್ಕಳಿಸ್ತಿದ್ದೀನಿ. ಗಾಯದ ಮೇಲೆ ಯಾರಾದ್ರೂ ಬ್ರಷ್ ಹಾಕ್ತಾರಾ?"

"ಎಲ್ರೂ ಇಲ್ಲೇ ಎಡವೋದು. ಉಜ್ಜಿದ್ದಕ್ಕೆ ರಕ್ತ ಬಂದಿದ್ದಲ್ಲಮ್ಮ, ಕೊಳೆ ಕೂತಿದ್ದಕ್ಕೆ. ಒಸಡಿನ ಒಳಗೆ ಅದು ಕಲ್ಲಾಗಿದೆ. ಅದಿರೋವರೆಗೂ ಒಸಡು ಹಲ್ಲನ್ನ ಬಿಡ್ತಾ ಹೋಗುತ್ತೆ, ಒಳಗಿನ ಮೂಳೆನೂ ಸವೆಯುತ್ತೆ."

"ಹಾಗಿದ್ರೆ ಕಲ್ಲು ತೆಗೀರಿ. ಹಲ್ಲು ಯಾಕೆ ತೆಗೀತೀರಾ?"

"ಇವತ್ತು ಕೀಳೋದಷ್ಟೇ ಅಂತ ಕ್ಯಾಪ್ಟನ್ ಹೇಳಿದ್ದಾರೆ."

"ಹೇಳ್ಕೊಳ್ಳಲಿ. ನಾನಂತೂ ಏಳಲ್ಲ."

"ಏಯ್, ಸಿಂಹಾಸನ ಅಂದ್ಕೊಂಡ್ಯೇನೇ ಅದನ್ನ? ಏಳೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಲೂಸಿಂಗ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಬಾಯಿ ಅಗಲಿಸಿ ಕೂತೇಬಿಟ್ಟಳು. ಒಳಗೊಳಗೇ ಅವಳಿಗೆ ಭಯವಿತ್ತು. ಹಲ್ಲು ಹೋದರೆ ಅಮ್ಮನ ಮುಖವೇ ತನಗೂ ಬಂದುಬಿಡುತ್ತದೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಡಾಕ್ಟರ್ ಇಕ್ಕಳ ಕೆಳಗಿಟ್ಟು, ತನ್ನ ಸ್ವಂತ ಚೀಲದಿಂದ ತೆಳುವಾದೊಂದು ಕೊಕ್ಕೆ ಹೊರತೆಗೆದಳು. ಮರಗಟ್ಟಲು ಸೂಜಿ ಕೊಟ್ಟು ಕೆಳಸಾಲನ್ನು ಕೆರೆಯತೊಡಗಿದಳು. ಕಂದು ಬಣ್ಣದ ಗಟ್ಟಿ ಚಕ್ಕೆಗಳು ಒಂದೊಂದಾಗಿ ಬಟ್ಟೆಯ ಮೇಲೆ ಬಿದ್ದವು. ಪೆಟ್ರಾ ಬಗ್ಗಿ ಬಿದ್ದ ಒಂದೊಂದು ಚಕ್ಕೆಯನ್ನೂ ನೋಡಿದಳು.

"ನಂದೂ ಹೀಗೆ ಉಳೀತಿತ್ತಾ, ಡಾಕ್ಟ್ರೇ?" ಕೊನೆಗೆ ಅವಳು ಕೇಳಿದಳು.

"ನಾನು ನೋಡಿಲ್ವಲ್ಲ..." ಎಂದ ಡಾಕ್ಟರ್ ಅವಳ ಮುಖ ನೋಡಿ ತಡೆದಳು. "ಕೆಲವಾದ್ರೂ ಉಳೀತಿದ್ವೇನೋ."

ಪೆಟ್ರಾಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು.

"ಸವೆದ ಮೂಳೆ ವಾಪಸ್ ಬರಲ್ಲ," ಎಂದು ಡಾಕ್ಟರ್ ಲೂಸಿಂಗ್‌ಗೆ ಹೇಳಿದಳು. "ಇರೋದನ್ನ ಉಳಿಸ್ಕೋಬಹುದು. ರಕ್ತ ಬಂದ್ರೂ ಬಿಡದೆ ಒಸಡಿನ ಅಂಚಲ್ಲಿ ಮೆತ್ತಗೆ ಉಜ್ಜು. ಮಿಕ್ಕಿದ್ದಕ್ಕೆ ಪಟ್ಟಣದ ಆಸ್ಪತ್ರೆಗೆ ಬಾ, ನಾನೇ ಮಾಡ್ತೀನಿ."

ಅಷ್ಟರಲ್ಲಿ ಕ್ಯಾಪ್ಟನ್ ಫೋಟೋ ತೆಗೆಸಲು ಬಂದ. ಕುರ್ಚಿಯಲ್ಲಿ ಕೂತೆದ್ದವರನ್ನೆಲ್ಲ ತನ್ನ ಸುತ್ತ ನಿಲ್ಲಿಸಿಕೊಂಡ. ಎಲ್ಲರೂ ಹತ್ತಿ ಕಚ್ಚಿ ತುಟಿ ಬಿಗಿದಿದ್ದರು. ಅವರ ನಡುವೆ ಲೂಸಿಂಗ್ ಒಬ್ಬಳೇ ಹಲ್ಲು ಬಿಟ್ಟು ನಕ್ಕಳು. ಕೆಂಪು ಕೆಂಪು ಒಸಡು, ಸಂದುಬಿಟ್ಟ ಹಲ್ಲು.

"ಬಾಯಿ ಮುಚ್ಕೊಳ್ಳಮ್ಮ, ನೋಡೋಕೆ ಚೆನ್ನಾಗಿರಲ್ಲ," ಎಂದ ಕ್ಯಾಪ್ಟನ್.

"ಮುಚ್ಚಬೇಡ ಕಣೇ!" ಪೆಟ್ರಾ ಅಂಗಳವೇ ತಿರುಗಿ ನೋಡುವಂತೆ ಕೂಗಿದಳು. "ಇನ್ನೂ ಅಗಲ ತೆಗಿ. ಒಂದೊಂದೂ ಕಾಣ್ಲಿ ಅವ್ನಿಗೆ!"